ಕೂಡಿಟ್ಟ ರಜೆ

ದಿನಬಳಕೆಯ ಕೆಲವು ಪದಗಳು ನಮ್ಮ ನಾಲಗೆಯ ಮೇಲೆ ಎಷ್ಟು ಸಲೀಸಾಗಿ ಓಡಾಡುತ್ತವೆಯೆಂದರೆ, ಅವು ಎಲ್ಲಿಂದ ಬಂದವು, ಬರುವಾಗ ಯಾವ ಅರ್ಥವನ್ನು ಹೊತ್ತು ತಂದವು ಎಂದು ನಾವು ವಿಚಾರಿಸುವುದೇ ಇಲ್ಲ. 'ರಜೆ' ಅಂಥದೊಂದು ಪದ. ಶಾಲೆಯ ಮಕ್ಕಳಿಗೆ ಅದಕ್ಕಿಂತ ಸಿಹಿಯಾದ ಮಾತು ಇನ್ನೊಂದಿಲ್ಲ. ಉತ್ತರ ಕರ್ನಾಟಕದ ಮಕ್ಕಳು ಅದನ್ನು 'ಸೂಟಿ' ಎನ್ನುತ್ತಾರೆ. ಆ ಮಾತನ್ನು ಕೇಳಿದರೆ ಕಟ್ಟು ಬಿಚ್ಚಿದ ಕರುವಿನ ನೆಗೆತ ಕಣ್ಣಿಗೆ ಕಟ್ಟುತ್ತದೆ. ಆದರೆ 'ರಜೆ' ಎಂಬುದರ ಮೂಲಾರ್ಥ ಬಿಡುಗಡೆಯಲ್ಲ. ಅರಬ್ಬಿಯ ಶಬ್ದವೊಂದು ಪಾರಸಿಯ ದಾರಿಯಲ್ಲಿ ಹಾದು, ದಫ್ತರಗಳ ಮೂಲಕ ನಮ್ಮಲ್ಲಿಗೆ ಬಂದು ರಜಾ ಆಯಿತು, ರಜೆ ಆಯಿತು. ಅದರ ಅರ್ಥ ಒಪ್ಪಿಗೆ, ಸಮ್ಮತಿ. ಇಂಗ್ಲಿಷಿನ 'ಲೀವ್' ಎಂಬ ಪದದ ಹಳೆಯ ಅರ್ಥವೂ ಅಪ್ಪಣೆ ಎಂದೇ. ಅಂದರೆ ರಜೆ ಎಂಬುದು ನಾವು ತೆಗೆದುಕೊಳ್ಳುವ ವಸ್ತುವಲ್ಲ. ಇನ್ನೊಬ್ಬರು ದಯಪಾಲಿಸುವ ವಸ್ತು.

ಈಗ ಸರ್ಕಾರಿ ಭಾಷೆಯ ಇನ್ನೊಂದು ಪದವನ್ನು ನೋಡಿ: 'ಗಳಿಕೆ ರಜೆ'. ಗಳಿಸಿದ್ದು ನಮ್ಮದು, ರಜೆ ಅವರ ಒಪ್ಪಿಗೆ. ಬೆವರು ಸುರಿಸಿ ಸಂಪಾದಿಸಿದ ವಸ್ತುವನ್ನು ಕೈಯೊಡ್ಡಿ ಬೇಡಿ ಪಡೆಯಬೇಕು ಎಂಬ ಭಾವ ಆ ಜೋಡು ನುಡಿಯಲ್ಲಿಯೇ ಅಡಗಿದೆ. ಕೇಂದ್ರ ಸರ್ಕಾರಿ ನೌಕರರಿಗೆ ಅನ್ವಯಿಸುವ 1972ರ ರಜಾ ನಿಯಮಗಳು ಇದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತವೆ: ರಜೆಯನ್ನು ಹಕ್ಕೆಂದು ಕೇಳತಕ್ಕದ್ದಲ್ಲ, ಸಾರ್ವಜನಿಕ ಸೇವೆಯ ಅಗತ್ಯವಿದ್ದರೆ ಅದನ್ನು ನಿರಾಕರಿಸಬಹುದು, ಕೊಟ್ಟದ್ದನ್ನೂ ಹಿಂತೆಗೆದುಕೊಳ್ಳಬಹುದು. ಹೀಗಿರುವಾಗ ಗಳಿಸಿಯೂ ಅನುಭವಿಸದೆ ಉಳಿದ ರಜೆಯ ಗತಿಯೇನು? ಅದಕ್ಕೆ ಬೆಲೆ ಕಟ್ಟಿ ಹಣ ಕೊಡಬೇಕೆ? ಕೊಡುವುದಾದರೆ ಎಷ್ಟರವರೆಗೆ? ಇದೇ ಇಂದು ನಾನು ನಿಮ್ಮ ಮುಂದಿಡಬೇಕೆಂದಿರುವ ವಿಷಯ.

ಈ ವಿಷಯವನ್ನು ಎತ್ತಿಕೊಳ್ಳುವುದಕ್ಕೆ ನನಗಿರುವ ಅರ್ಹತೆ ಒಂದೇ. ಕೇಂದ್ರ ಸರ್ಕಾರದ ಸಣ್ಣದೊಂದು ಕಚೇರಿಯಲ್ಲಿ ಹಲವು ವರ್ಷ ನಾನು ರಜೆಯ ಲೆಕ್ಕ ಬರೆಯುವ ಗುಮಾಸ್ತನಾಗಿದ್ದೆ. ಪ್ರತಿ ನೌಕರನ ಸೇವಾ ಪುಸ್ತಕದ ಕೊನೆಯ ಭಾಗದಲ್ಲಿ ರಜೆಯ ಖಾತೆಯೊಂದಿರುತ್ತದೆ. ಜನವರಿ 1ರಂದು 15 ದಿನ, ಜುಲೈ 1ರಂದು 15 ದಿನ, ಹೀಗೆ ವರ್ಷಕ್ಕೆ 30 ದಿನ ಜಮೆ; ತೆಗೆದುಕೊಂಡದ್ದು ಖರ್ಚು; ಮಿಕ್ಕದ್ದು ಶಿಲ್ಕು. ನೋಡಿದರೆ ಅದು ದಿನಸಿ ಅಂಗಡಿಯ ಖಾತೆಯಷ್ಟೇ ಸರಳ. ಆದರೆ ಆ ಅಂಕಿಗಳ ಹಿಂದೆ ನಿಂತಿದ್ದದ್ದು ಜನರ ಮದುವೆ, ಬಾಣಂತನ, ಕಾಯಿಲೆ, ಮನೆಯ ಪಾಯ, ಮಗನ ಪರೀಕ್ಷೆ ಎಂಬುದು ನನಗೆ ತಿಳಿಯಲು ಬಹಳ ಕಾಲ ಹಿಡಿಯಿತು.

ರಜೆಯನ್ನು ಕೂಡಿಡುವ ಪದ್ಧತಿ ನಮಗೆ ಬಂದದ್ದು ಬ್ರಿಟಿಷರ ಆಡಳಿತದಿಂದ. ಕಡಲಾಚೆಯ ಊರಿಗೆ ಹೋಗಿಬರಬೇಕಾದ ಅಧಿಕಾರಿಗೆ ಹತ್ತು ದಿನದ ರಜೆಯಿಂದ ಏನು ಪ್ರಯೋಜನ? ಹಡಗಿನ ಪ್ರಯಾಣಕ್ಕೇ ವಾರಗಟ್ಟಲೆ ಬೇಕು. ವರ್ಷ ವರ್ಷದ ದಿನಗಳನ್ನು ಒಟ್ಟುಗೂಡಿಸಿಕೊಂಡು 'ಫರ್ಲೋ' ಎಂಬ ಹೆಸರಿನ ದೀರ್ಘ ರಜೆಯ ಮೇಲೆ ಆತ ಹೋಗುತ್ತಿದ್ದ. 1922ರಲ್ಲಿ ಜಾರಿಗೆ ಬಂದ ಮೂಲ ನಿಯಮಗಳಲ್ಲಿ ಈ ರಜೆಯ ಲೆಕ್ಕಾಚಾರ ವಿಸ್ತಾರವಾಗಿಯೇ ಇದೆ. ಆತ ಹೋದ, ನಾವು ಉಳಿದೆವು. ಕೂಡಿಡುವ ಪದ್ಧತಿಯೂ ಉಳಿಯಿತು. ಊರು ಮೂವತ್ತು ಮೈಲಿ ದೂರದಲ್ಲಿದ್ದ ನಮ್ಮ ಗುಮಾಸ್ತನೂ ಸಮುದ್ರಯಾನಕ್ಕೆ ಹೊರಟವನಂತೆ ದಿನಗಳನ್ನು ಕೂಡಿಸತೊಡಗಿದ.

ಕೂಡಿಸಿದ್ದನ್ನು ಹಣವಾಗಿಸುವ ಪದ್ಧತಿ ಮಾತ್ರ ಈಚಿನದು. ಮೊದಲು ನಿವೃತ್ತಿಯ ಹೊಸ್ತಿಲಲ್ಲಿದ್ದವರು ಉಳಿದ ರಜೆಯನ್ನು ಒಟ್ಟಿಗೆ ಹಾಕಿ ಮನೆಯಲ್ಲಿರುತ್ತಿದ್ದರು. ಅದಕ್ಕೆ ನಿವೃತ್ತಿಪೂರ್ವ ರಜೆ ಎಂದು ಹೆಸರು. ಸಂಬಳ ಅವರಿಗೆ ಹೋಗುತ್ತಿತ್ತು, ಕುರ್ಚಿ ಖಾಲಿ ಇರುತ್ತಿತ್ತು. 1977ರಲ್ಲಿ ಕೇಂದ್ರ ಸರ್ಕಾರ ಬೇರೆ ದಾರಿ ಹಿಡಿಯಿತು: ಕೊನೆಯ ದಿನದವರೆಗೆ ಕೆಲಸ ಮಾಡಿ, ಉಳಿದ ಗಳಿಕೆ ರಜೆಗೆ ಸಮನಾದ ಹಣವನ್ನು ತೆಗೆದುಕೊಂಡು ಹೋಗಿ. ಆಗ ಮಿತಿ 180 ದಿನ. 1986ರ ಜುಲೈಯಿಂದ ಅದು 240 ಆಯಿತು. 1997ರ ಜುಲೈಯಿಂದ 300. ಮುಂದಿನ ವೇತನ ಆಯೋಗಗಳು ಬಂದುಹೋದರೂ 300 ಎಂಬ ಗೆರೆ ಅಲ್ಲೇ ನಿಂತಿತು. ನಮ್ಮ ರಾಜ್ಯದ ನೌಕರರಿಗೂ ನಿವೃತ್ತಿಯ ವೇಳೆಗೆ ಅಷ್ಟೇ ಮಿತಿ. ಅದರ ಜೊತೆಗೆ ವರ್ಷಕ್ಕೆ 15 ದಿನದ ಗಳಿಕೆ ರಜೆಯನ್ನು ಒಪ್ಪಿಸಿ ಹಣ ಪಡೆಯುವ ಅನುಕೂಲವೂ ಅವರಿಗಿದೆ.

ಮಿತಿ ಏಕೆ ಬೇಕು? ಮೊದಲು ಖಜಾನೆಯ ಕಡೆಯ ಮಾತನ್ನು ಕೇಳೋಣ. ಮೂಲವೇತನ ಮತ್ತು ತುಟ್ಟಿಭತ್ಯೆ ಕೂಡಿ ತಿಂಗಳಿಗೆ 60,000 ರೂಪಾಯಿ ಪಡೆಯುವ ಒಬ್ಬ ನೌಕರನನ್ನು ಉದಾಹರಣೆಗೆ ತೆಗೆದುಕೊಳ್ಳಿ. ಒಂದು ದಿನಕ್ಕೆ 2,000. 300 ದಿನಕ್ಕೆ 6 ಲಕ್ಷ. ಹತ್ತು ತಿಂಗಳ ಸಂಬಳ ಒಂದೇ ಗಂಟು. ಇದರಲ್ಲಿ ಒಂದು ಸೂಕ್ಷ್ಮವಿದೆ. ಆ 300 ದಿನಗಳಲ್ಲಿ ಹಲವು, ಆತನ ಸಂಬಳ ತಿಂಗಳಿಗೆ ಸಾವಿರ ರೂಪಾಯಿ ಇದ್ದ ಕಾಲದಲ್ಲಿ ಗಳಿಸಿದವಾಗಿರಬಹುದು. ಅಂದು ಆ ದಿನದ ಬೆಲೆ ಮೂವತ್ತಮೂರು ರೂಪಾಯಿ. ನಿವೃತ್ತಿಯ ದಿನ ಅದೇ ದಿನಕ್ಕೆ ಎರಡು ಸಾವಿರ. ರೂಪಾಯಿಯ ಬೆಲೆ ಕುಸಿದದ್ದು ನಿಜ, ಅಷ್ಟನ್ನು ಕಳೆಯಲೇಬೇಕು. ಆದರೆ ಗುಮಾಸ್ತನಾಗಿ ಗಳಿಸಿದ ದಿನವನ್ನು ಮೇಲಧಿಕಾರಿಯ ದರದಲ್ಲಿ ಮಾರಿದರೆ, ಬಡ್ತಿಯ ಲಾಭವೂ ಹಳೆಯ ದಿನಕ್ಕೆ ಸೇರುತ್ತದೆ. ರಾಗಿಯನ್ನು ಹಗೇವಿನಲ್ಲಿಟ್ಟರೆ ವರ್ಷಗಟ್ಟಲೆ ಕೆಡದೆ ಇರುತ್ತದೆ, ಆದರೆ ಬೆಳೆಯುವುದಿಲ್ಲ. ಕೂಡಿಟ್ಟ ರಜೆ ಹಗೇವಿನೊಳಗೇ ಬೆಳೆಯುವ ವಿಚಿತ್ರ ಧಾನ್ಯ.

ಇನ್ನೊಂದು ಮಾತು. ಕಂಪನಿಗಳು ತಮ್ಮ ನೌಕರರ ಉಳಿದ ರಜೆಯ ಬೆಲೆಯನ್ನು ಋಣವೆಂದು ವರ್ಷ ವರ್ಷವೂ ತಮ್ಮ ಲೆಕ್ಕದಲ್ಲಿ ತೋರಿಸಬೇಕು. ಸರ್ಕಾರದ ಲೆಕ್ಕ ನಗದಿನ ಲೆಕ್ಕ. ಹಣ ಕೈಬಿಟ್ಟ ದಿನವೇ ಅದಕ್ಕೆ ಖರ್ಚು. ಆದ್ದರಿಂದ ನೌಕರರ ಖಾತೆಗಳಲ್ಲಿ ಕೂಡುತ್ತಿರುವ ದಿನಗಳ ಭಾರ ಯಾವ ಆಯವ್ಯಯದಲ್ಲೂ ಕಣ್ಣಿಗೆ ಬೀಳುವುದಿಲ್ಲ. ಒಂದೇ ವರ್ಷ ಬಹಳ ಮಂದಿ ನಿವೃತ್ತರಾದಾಗ ಮಾತ್ರ ಅದು ಎದ್ದು ನಿಲ್ಲುತ್ತದೆ. ಕಾಣದ ಸಾಲಕ್ಕೆ ಗೆರೆ ಎಳೆಯದಿದ್ದರೆ ಅದನ್ನು ತೀರಿಸುವವರು ಮುಂದಿನ ತಲೆಮಾರಿನವರು.

ಇದು ನಮ್ಮ ದೇಶವೊಂದರ ತಲೆನೋವಲ್ಲ. ಅಮೆರಿಕದ ನ್ಯೂಜೆರ್ಸಿ ರಾಜ್ಯದಲ್ಲಿ ಊರಾಡಳಿತಗಳ ನೌಕರರು ಕಾಯಿಲೆಗೆಂದು ಕೊಟ್ಟ ರಜೆಯನ್ನೂ ಕೂಡಿಟ್ಟು, ನಿವೃತ್ತಿಯಲ್ಲಿ ದೊಡ್ಡ ಮೊತ್ತಗಳನ್ನು ಪಡೆಯುತ್ತಿದ್ದರು. ಆ ಹಣದಲ್ಲಿ ವಿಹಾರದ ದೋಣಿಯನ್ನೇ ಕೊಳ್ಳಬಹುದೆಂದು ಅಲ್ಲಿಯವರು ಅದನ್ನು 'ದೋಣಿಯ ಚೆಕ್ಕು' ಎಂದು ಹಂಗಿಸಿದರು. 2010ರಲ್ಲಿ ಕ್ರಿಸ್ ಕ್ರಿಸ್ಟಿ ಎಂಬುವರು ಗವರ್ನರ್ ಆಗಿದ್ದಾಗ ಬಂದ ಕಾನೂನು, ಆ ವರ್ಷದ ಮೇ 21ರ ಅನಂತರ ಸೇರುವವರಿಗೆ ಈ ಪಾವತಿ 15,000 ಡಾಲರನ್ನು ಮೀರಕೂಡದೆಂದೂ, ಅದನ್ನು ನಿವೃತ್ತಿಯ ವೇಳೆಯಲ್ಲಲ್ಲದೆ ಕೊಡಕೂಡದೆಂದೂ ವಿಧಿಸಿತು. ಹನ್ನೆರಡು ವರ್ಷಗಳ ಬಳಿಕ, 2022ರಲ್ಲಿ, ಆ ರಾಜ್ಯದ ಲೆಕ್ಕನಿಯಂತ್ರಕರ ಕಚೇರಿ 60 ಊರಾಡಳಿತಗಳ ಕಾಗದಪತ್ರಗಳನ್ನು ಪರಿಶೀಲಿಸಿತು. ಅವುಗಳಲ್ಲಿ 57 ಕಾನೂನಿಗೆ ಸರಿಯಾಗಿ ನಡೆದುಕೊಂಡಿರಲಿಲ್ಲ! ಮಿತಿಯನ್ನು ಬರೆಯುವುದು ಸುಲಭ, ಮಿತಿಯೊಳಗೆ ಬಾಳುವುದು ಕಷ್ಟ ಎಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ನಮ್ಮಲ್ಲಿಯೇ ಸರ್ಕಾರಿ ಕಚೇರಿಯ ಹೊರಗೆ ದುಡಿಯುವವರ ಸ್ಥಿತಿಯನ್ನು ನೋಡಿದರೆ, ಈ ಗಂಟಿನ ಬಗೆಗೆ ನಮಗೆ ತುಸು ಸಂಕೋಚವೇ ಆಗಬೇಕು. 1948ರ ಕಾರ್ಖಾನೆ ಕಾಯಿದೆ ಇಪ್ಪತ್ತು ದಿನ ದುಡಿದ ಕಾರ್ಮಿಕನಿಗೆ ಒಂದು ದಿನದ ರಜೆಯೆಂದಿತ್ತು. ಮುಂದಿನ ವರ್ಷಕ್ಕೆ ಒಯ್ಯಬಹುದಾದದ್ದು 30 ದಿನ ಮಾತ್ರ. ನಿವೃತ್ತಿಯಲ್ಲಿ ಸರ್ಕಾರಿ ನೌಕರ ಪಡೆಯುವ ರಜೆಯ ಹಣಕ್ಕೆ ಪೂರ್ತಿ ತೆರಿಗೆ ವಿನಾಯಿತಿ ಇದ್ದಾಗ, ಉಳಿದವರಿಗೆ ಇಪ್ಪತ್ತು ವರ್ಷಗಳಿಗೂ ಮಿಕ್ಕಿ 3 ಲಕ್ಷ ರೂಪಾಯಿಯವರೆಗೆ ಮಾತ್ರ ವಿನಾಯಿತಿ ಇತ್ತು. 2023ರಲ್ಲಿ ಅದನ್ನು 25 ಲಕ್ಷಕ್ಕೆ ಏರಿಸಿದರು. ಕಟ್ಟಡದ ಮೇಲೆ ಇಟ್ಟಿಗೆ ಹೊರುವ ಹೆಂಗಸಿಗೆ, ಹೊಲದ ಕೂಲಿಗೆ, ಬಾಡಿಗೆ ಆಟೋ ಓಡಿಸುವವನಿಗೆ ಇವಾವುದೂ ಇಲ್ಲ. ಅವರಿಗೆ ರಜೆ ಎಂದರೆ ಆ ದಿನದ ಕೂಲಿ ಇಲ್ಲ ಎಂದೇ ಅರ್ಥ. ಹಾಗೆ ನೋಡಿದರೆ 300 ದಿನ ಕಡಿಮೆಯೇನಲ್ಲ. ಮಿತಿ ಇರುವುದು ನ್ಯಾಯ ಎಂದೇ ನನ್ನ ಅಭಿಪ್ರಾಯ.

ಇಷ್ಟಕ್ಕೇ ನಿಲ್ಲಿಸಿದ್ದರೆ ನನ್ನ ಭಾಷಣ ಖಜಾನೆಯ ವಕಾಲತ್ತಾಗುತ್ತಿತ್ತು. ಆದರೆ ಒಂದು ಘಟನೆ ನನ್ನನ್ನು ಅಷ್ಟು ಸುಲಭವಾಗಿ ಬಿಡುವುದಿಲ್ಲ.

ನಮ್ಮ ಕಚೇರಿಯಲ್ಲಿ ಒಬ್ಬ ದಫ್ತರಿ ಇದ್ದರು. ಕಡತಗಳನ್ನು ಹೊಲಿಯುವುದು, ಜೋಡಿಸುವುದು, ಕೇಳಿದಾಗ ತಂದುಕೊಡುವುದು ಅವರ ಕೆಲಸ. ಅವರಿಲ್ಲದ ದಿನ ಕಚೇರಿಗೆ ಕಣ್ಣು ಕಟ್ಟಿದಂತಾಗುತ್ತಿತ್ತು. ಹಾಗಾಗಿ ಅವರಿಗೆ ರಜೆ ಸಿಗುತ್ತಿದ್ದದ್ದೂ ಅಪರೂಪ, ಅವರು ಕೇಳುತ್ತಿದ್ದದ್ದೂ ಅಪರೂಪ. ಅವರ ಖಾತೆ 300ಕ್ಕೆ ತುಂಬಿ ನಿಂತಿತ್ತು. ತುಂಬಿದ ಖಾತೆಗೆ ನಿಯಮವೊಂದಿದೆ. ಅರ್ಧವರ್ಷಕ್ಕೆ ಬರುವ ಹೊಸ 15 ದಿನಗಳನ್ನು ಬೇರೆಯಾಗಿ ತೋರಿಸಬೇಕು. ಆ ಆರು ತಿಂಗಳೊಳಗೆ ಅವನ್ನು ಬಳಸಿಕೊಂಡರೆ ಸರಿ, ಇಲ್ಲದಿದ್ದರೆ ಅವು ಹೋದಂತೆಯೇ. ತುಂಬಿದ ಕೆರೆಗೆ ಬಂದ ನೀರು ಕೋಡಿಯ ಮೇಲೆ ಹರಿದುಹೋಗುವ ಹಾಗೆ.

ಒಂದು ವರ್ಷ ಮಾರ್ಚಿಯಲ್ಲಿ ಅವರು ನನ್ನ ಮೇಜಿನ ಬಳಿ ಬಂದು ನಿಂತರು. ಊರಿನಲ್ಲಿದ್ದ ತಾಯಿಗೆ ಕಣ್ಣು ಮಂಜಾಗುತ್ತಿದೆ. ಕಣ್ಣಿನೊಳಗೆ ಒತ್ತಡ ಹೆಚ್ಚುವ ರೋಗವೆಂದು ವೈದ್ಯರು ಹೇಳಿದ್ದಾರೆ. ಪಟ್ಟಣಕ್ಕೆ ಕರೆತಂದು ಶಸ್ತ್ರಚಿಕಿತ್ಸೆ ಮಾಡಿಸಿ ಜೊತೆಯಲ್ಲಿರಬೇಕು. ಹೇಗೂ ಜೂನಿಗೆ ಹೋಗಲಿರುವ ಆ 15 ದಿನಗಳನ್ನು ಕೊಡಿಸಿ ಎಂದರು. ಮಾರ್ಚಿ ವರ್ಷಾಂತ್ಯದ ತಿಂಗಳು. ಏಪ್ರಿಲಿನಲ್ಲಿ ಲೆಕ್ಕ ತಪಾಸಣೆಯವರು ಬರುವವರಿದ್ದರು. ಕಡತಗಳೆಲ್ಲ ಅವರ ಕೈಯಲ್ಲಿ. ಅರ್ಜಿಯ ಮೇಲೆ ಟಿಪ್ಪಣಿ ಬರೆಯಬೇಕಾದವನು ನಾನು. 'ಕಚೇರಿಯ ಕೆಲಸದ ಒತ್ತಡವಿರುವುದರಿಂದ ಸದ್ಯಕ್ಕೆ ಪರಿಗಣಿಸಲಾಗದು' ಎಂದು ಬರೆದೆ. ಅಧಿಕಾರಿಗಳು ಸಹಿ ಮಾಡಿದರು. ತಪಾಸಣೆ ಮುಗಿಯುವ ಹೊತ್ತಿಗೆ ಮೇ ಬಂತು. ಆಮೇಲೆ ಅಧಿಕಾರಿಗಳಿಗೆ ವರ್ಗವಾಯಿತು. ಹೊಸಬರು ಬಂದು ಕಚೇರಿಯನ್ನು ಅರಿತುಕೊಳ್ಳುವವರೆಗೆ ಯಾರಿಗೂ ರಜೆ ಬೇಡವೆಂದರು. ಜೂನ್ 30 ಕಳೆಯಿತು. ಜುಲೈ 1ರಂದು ನಾನು ಆ 15 ದಿನಗಳ ಎದುರಿಗೆ ಕೆಂಪು ಮಸಿಯಲ್ಲಿ 'ವ್ಯಪಗತ' ಎಂದು ಬರೆದೆ. ಅಚ್ಚುಕಟ್ಟಾಗಿಯೇ ಬರೆದೆ, ನನ್ನ ಅಕ್ಷರ ಚೆನ್ನಾಗಿದೆಯೆಂದು ಎಲ್ಲರೂ ಹೇಳುತ್ತಿದ್ದರು.

ಅವರು ತಾಯಿಯನ್ನು ಕರೆತಂದದ್ದು ಆಗಸ್ಟಿನಲ್ಲಿ. ಆ ರೋಗದಲ್ಲಿ ಹೋದ ದೃಷ್ಟಿ ಮರಳುವುದಿಲ್ಲ. ಉಳಿದದ್ದನ್ನು ಉಳಿಸಿಕೊಳ್ಳಬಹುದು, ಅಷ್ಟೆ. ಒಂದು ಕಣ್ಣು ಉಳಿಯಿತು, ಇನ್ನೊಂದು ಉಳಿಯಲಿಲ್ಲ. ಮಾರ್ಚಿಯಲ್ಲಿಯೇ ಬಂದಿದ್ದರೆ ಅದೂ ಉಳಿಯುತ್ತಿತ್ತೆ? ಹೇಳಬಲ್ಲವರಾರು? ದಫ್ತರಿ ಯಾರನ್ನೂ ದೂರಲಿಲ್ಲ.

ಎರಡು ವರ್ಷಗಳ ಅನಂತರ ಅವರು ನಿವೃತ್ತರಾದರು. ಹಾರ, ಶಾಲು, ಎರಡು ಒಳ್ಳೆಯ ಮಾತು ಎಲ್ಲ ಆಯಿತು. ರಜೆಯ ಹಣದ ಲೆಕ್ಕದ ಹಾಳೆಯನ್ನು ನಾನೇ ಅವರಿಗೆ ತೋರಿಸಿ ಸಹಿ ಹಾಕಿಸಿಕೊಳ್ಳಬೇಕಾಗಿತ್ತು. 300 ದಿನ, ಪೂರ್ತಿ ಮಿತಿ. ಅವರು ಅದನ್ನು ನಿಧಾನವಾಗಿ ಓದಿ, "ಸ್ವಾಮಿ, ಅಮ್ಮನಿಗೆ ಅಂತ ಕೇಳಿದ್ದೆನಲ್ಲ, ಆ ಹದಿನೈದು ದಿನ ಇದರಲ್ಲಿ ಸೇರಿದೆಯಾ?" ಎಂದರು. ಅವರ ದನಿಯಲ್ಲಿ ಕಹಿ ಇರಲಿಲ್ಲ. ಸುಮ್ಮನೆ ಲೆಕ್ಕ ತಿಳಿದುಕೊಳ್ಳುವವರಂತೆ ಕೇಳಿದರು. "ಇಲ್ಲ, ಅದು ಸೇರುವುದಿಲ್ಲ" ಎಂದೆ. ಸಹಿ ಮಾಡಿ ಕೊಟ್ಟರು.

ಅಂದಿನಿಂದ ನನಗೆ ಎರಡು ವಿಷಯ ಸ್ಪಷ್ಟವಾಗಿವೆ. ಮೊದಲನೆಯದು, ಸೇರಿದ್ದರೂ ಅದು ಆ ದಿನಗಳಿಗೆ ಪರಿಹಾರವಾಗುತ್ತಿರಲಿಲ್ಲ. ಮಾರ್ಚಿಯ ದಿನವನ್ನು ಎರಡು ವರ್ಷದ ಅನಂತರ ಚೆಕ್ಕಾಗಿ ಕೊಟ್ಟರೆ ಕಣ್ಣು ಬರುತ್ತದೆಯೆ? ರಾಗಿಯ ಹೋಲಿಕೆಯನ್ನು ಆಗಲೇ ಕೊಟ್ಟೆ. ಅದನ್ನು ಇಲ್ಲಿ ತಿದ್ದಿಕೊಳ್ಳಬೇಕು. ರಜೆಯ ಹಣ ಹಗೇವಿನಲ್ಲಿ ಬೆಳೆಯಬಹುದು. ರಜೆ ಮಾತ್ರ ಹಾಲಿನ ಜಾತಿಯದು. ಕರೆದ ಹೊತ್ತಿಗೆ ಕುಡಿದರೆ ಉಂಟು. ಎರಡನೆಯದು, ಮಿತಿ ಎಂಬುದು ರಜೆ ಬೇಡವೆಂದು ತಾನಾಗಿ ಕೂಡಿಟ್ಟವನಿಗೂ, ಬೇಕೆಂದು ಕೇಳಿ ಇಲ್ಲವೆನಿಸಿಕೊಂಡವನಿಗೂ ಒಂದೇ ಅಳತೆಗೋಲನ್ನು ಹಿಡಿಯುತ್ತದೆ. ಅನ್ಯಾಯವಿರುವುದು ಅಲ್ಲಿ, 300 ಎಂಬ ಅಂಕಿಯಲ್ಲಲ್ಲ. ಅದನ್ನು 450 ಮಾಡಿದ್ದರೂ ನಾನು ಆ ಟಿಪ್ಪಣಿಯನ್ನೇ ಬರೆಯುತ್ತಿದ್ದೆ. ಬಹುಶಃ ಇನ್ನೂ ನಿರಾತಂಕವಾಗಿ ಬರೆಯುತ್ತಿದ್ದೆ, 'ಹೇಗೂ ಹಣ ಸಿಗುತ್ತದಲ್ಲ' ಎಂದುಕೊಂಡು.

ಕಾನೂನು ಈ ಬಗೆಗೆ ಏನನ್ನುತ್ತದೆ? 2013ರಲ್ಲಿ ಜಾರ್ಖಂಡ್ ರಾಜ್ಯದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು ನಿವೃತ್ತಿವೇತನ, ಉಪದಾನ, ರಜೆಯ ನಗದೀಕರಣ ಇವು ಭಿಕ್ಷೆಯಲ್ಲ, ನೌಕರನು ದುಡಿದು ಗಳಿಸಿದ ಸ್ವತ್ತು ಎಂದು ಎತ್ತಿಹಿಡಿಯಿತು. ಕಾನೂನಿನ ಆಧಾರವಿಲ್ಲದೆ ಬರಿಯ ಆಡಳಿತಾತ್ಮಕ ಆದೇಶದಿಂದ ಅವನ್ನು ತಡೆಹಿಡಿಯಲಾಗದೆಂದು ಸಂವಿಧಾನದ 300ಎ ವಿಧಿಯ ಬಲದಿಂದ ಹೇಳಿತು. ಅಂದರೆ ಮಿತಿಯನ್ನು ಮೊದಲೇ ನಿಯಮದಲ್ಲಿ ಬರೆದಿಡಬಹುದು. ಮಿತಿಯೊಳಗೆ ಗಳಿಸಿದ್ದನ್ನು ಆಮೇಲೆ ಕಸಿಯಲಾಗದು. ವರ್ಷ ವರ್ಷದ ಒಪ್ಪಿಸುವಿಕೆಯ ಅನುಕೂಲ ಮಾತ್ರ ಅಷ್ಟು ಭದ್ರವಲ್ಲ. 2020ರ ಕೋವಿಡ್ ಸಂಕಟದಲ್ಲಿ ತಮಿಳುನಾಡು, ಕರ್ನಾಟಕ ಸರ್ಕಾರಗಳು ಅದನ್ನು ತಡೆಹಿಡಿದವು. ಖಜಾನೆ ಬರಿದಾದಾಗ ಮೊದಲು ಕೈಬಿಡುವುದು ಇಂಥದನ್ನೇ. ಆಗ ಹಣವೂ ಇಲ್ಲ. ಆಸ್ಪತ್ರೆ, ಪೊಲೀಸು, ಕಂದಾಯ ಇಲಾಖೆಗಳವರಿಗೆ ಆ ವರ್ಷ ರಜೆಯೂ ಇಲ್ಲ.

ಹಾಗಾದರೆ ದಾರಿ ಯಾವುದು? ನನಗೆ ತೋಚುವುದು ಇಷ್ಟು. ಹಣದ ಮಿತಿ ಇರಲಿ. ಆದರೆ ಕೇಳಿದ ರಜೆಯನ್ನು ನಿರಾಕರಿಸಿದಾಗ ಆ ನಿರಾಕರಣೆ ಕಾರಣಸಹಿತವಾಗಿ ಸೇವಾ ಪುಸ್ತಕದ ಅದೇ ಪುಟದಲ್ಲಿ, ನಿರಾಕರಿಸಿದವರ ಹೆಸರಿನೊಡನೆ ದಾಖಲಾಗಲಿ. ಹಾಗೆ ನಿರಾಕರಿಸಿದ ದಿನಗಳು ಜೂನ್ 30ರ ಕೋಡಿಯಲ್ಲಿ ಹರಿದುಹೋಗದಿರಲಿ. ಮುಂದಿನ ಒಂದು ವರ್ಷ ಮಿತಿಯ ಹೊರಗೆ ಅವು ಜೀವಂತವಾಗಿದ್ದು, ಆ ಅವಧಿಯಲ್ಲಿ ಅವನ್ನು ಕೊಡಲೇಬೇಕೆಂದಾಗಲಿ. ವರ್ಷಕ್ಕೆ ಒಮ್ಮೆಯಾದರೂ ಪ್ರತಿಯೊಬ್ಬನನ್ನೂ ಕಚೇರಿಯಿಂದ ಆಚೆಗೆ ಕಳುಹಿಸುವ ಪದ್ಧತಿ ಬರಲಿ. ಇದು ಕನಸಿನ ಮಾತಲ್ಲ. ರಿಸರ್ವ್ ಬ್ಯಾಂಕು ಬ್ಯಾಂಕುಗಳಲ್ಲಿ ಸೂಕ್ಷ್ಮ ಹೊಣೆಯಲ್ಲಿರುವವರನ್ನು ವರ್ಷಕ್ಕೆ ಕನಿಷ್ಠ 10 ಕೆಲಸದ ದಿನ ಕಡ್ಡಾಯ ರಜೆಯ ಮೇಲೆ ಕಳುಹಿಸಬೇಕೆಂದು 2021ರಲ್ಲಿ ವಿಧಿಸಿದೆ. ಅಲ್ಲಿಯ ಉದ್ದೇಶ ಬೇರೆ: ಒಬ್ಬನು ಕುರ್ಚಿಯನ್ನು ಬಿಟ್ಟೆದ್ದಾಗಲೇ ಅದರ ಕೆಳಗೆ ಅಡಗಿಸಿಟ್ಟ ಮೋಸ ಹೊರಬೀಳುತ್ತದೆ ಎಂಬುದು. ಕಳ್ಳತನವನ್ನು ಹಿಡಿಯಲು ಸಾಧ್ಯವಾದ ವ್ಯವಸ್ಥೆ, ಪ್ರಾಮಾಣಿಕನೊಬ್ಬನು ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ಯಲು ಸಾಧ್ಯವಾಗದೆ ಹೋಗಬೇಕೆ?

ಇನ್ನು ನೌಕರರಿಗೂ ಒಂದು ಮಾತು. ಖಾತೆಯಲ್ಲಿ 300 ಇದೆಯೆಂದು ಹೆಮ್ಮೆಪಡುವವರನ್ನು ನಾನು ಬಹಳ ಕಂಡಿದ್ದೇನೆ. ಮಗಳ ಮದುವೆಗೆ, ಮನೆಯ ಸಾಲಕ್ಕೆ ಆ ಗಂಟು ಬೇಕೆಂದು ಲೆಕ್ಕ ಹಾಕಿದವರೇ ಹೆಚ್ಚು, ಅವರನ್ನು ಹಳಿಯುವಂತಿಲ್ಲ. ಆದರೆ ನಮ್ಮ ಬಾಳಿನ ಮಧ್ಯಾಹ್ನದ ದಿನಗಳನ್ನು ಹತ್ತು ತಿಂಗಳ ಸಂಬಳಕ್ಕೆ ಮಾರುತ್ತಿದ್ದೇವೆ ಎಂಬ ಎಚ್ಚರವಿರಲಿ. ಖರೀದಿದಾರನು ಅದಕ್ಕೊಂದು ಮಿತಿ ಹಾಕಿದ್ದಾನೆಂದು ಕೋಪಗೊಳ್ಳುವ ಮೊದಲು, ಮಾರಿದ ಸರಕು ಯಾವುದೆಂದು ಒಮ್ಮೆ ನೋಡಿಕೊಳ್ಳೋಣ.

ನಾನೂ ನಿವೃತ್ತನಾದೆ. ನನ್ನ ಖಾತೆಯಲ್ಲಿ 211 ದಿನ ಉಳಿದಿತ್ತು. ದಫ್ತರಿಯವರು ಕೇಳಿದ ಮೇಲೆ ನಾನು ಪ್ರತಿ ವರ್ಷವೂ ಕೆಲವು ದಿನ ರಜೆ ಹಾಕತೊಡಗಿದ್ದೆ; ಯಾರ ಅರ್ಜಿ ಬಂದರೂ 'ಕೊಡಬಹುದು' ಎಂದೇ ಟಿಪ್ಪಣಿ ಬರೆಯತೊಡಗಿದ್ದೆ. ಕಚೇರಿ ಅದರಿಂದ ಮುಳುಗಲಿಲ್ಲ. ನನ್ನ ಹಣದ ಹಾಳೆಗೆ ಸಹಿ ಹಾಕಿಸಿಕೊಳ್ಳಲು ಬಂದ ಹುಡುಗ, "ಸಾರ್, ಇನ್ನೂ ಎಂಬತ್ತೊಂಬತ್ತು ದಿನ ಬಿಟ್ಟುಬಿಟ್ರಲ್ಲ, ನಷ್ಟ ಆಯ್ತಲ್ಲ" ಎಂದ. ಅವನಿಗೆ ಲೆಕ್ಕ ಚೆನ್ನಾಗಿ ಬರುತ್ತಿತ್ತು. ಆದರೆ ಆ ಖಾತೆಯ ಹಿಂದಿನ ಪುಟಗಳನ್ನು ಬರೆದವನು ನಾನು.